ಹೊಸ ಪಿಸ್ತೂಲು ಸಿಕ್ಕಿಕೊಳ್ಳುತ್ತಿದೆಯಾ? ಮೊದಲು ಒಂದು ನೋಟ್‌ಬುಕ್ ಹುಡುಕಿ

ಅಜ್ಜನ ಜೋಡು ನಳಿಗೆ ಕೋವಿಗೆ ಇದ್ದದ್ದು ಒಂದೇ ಕಾಯಿಲೆ. ಮಳೆಗಾಲದಲ್ಲಿ ಕಾಗದದ ತೋಟಾ ತೇವ ಹೀರಿ ಊದಿಕೊಳ್ಳುತ್ತಿತ್ತು. ಆಮೇಲೆ ನಳಿಗೆಯೊಳಗೆ ಇಳಿಯುತ್ತಿರಲಿಲ್ಲ. ಅದಕ್ಕೆ ಅಜ್ಜ ತೋಟಾಗಳನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದರು. ಅಜ್ಜಿ ಅಕ್ಕಿ ಅಳೆಯಲು ಹೋದಾಗ ಕೈಗೆ ಸಿಕ್ಕಿದರೆ ಮನೆಯಲ್ಲಿ ಒಂದು ರಾಮಾಯಣ. ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟ. ಮಂಗ ಓಡಿಸಲು ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ. ಚುನಾವಣೆ ಬಂದರೆ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ಹೋಗಿ ತರಬೇಕು. ಅಷ್ಟು ಬಿಟ್ಟರೆ ಆ ಕೋವಿ ಯಾರಿಗೂ ತೊಂದರೆ ಕೊಟ್ಟದ್ದಿಲ್ಲ.

ಹಾಗಾಗಿ ಅಮೆರಿಕದ ಫೀನಿಕ್ಸ್‌ನಲ್ಲಿ ನನ್ನ ಮೊದಲ 9 ಎಂಎಂ ಪಿಸ್ತೂಲು ಕೊಂಡಾಗ, ಹೊಸದು ಅಂದ ಮೇಲೆ ಸರಿಯಾಗಿಯೇ ಇರುತ್ತದೆ ಅಂದುಕೊಂಡಿದ್ದೆ. ಮೊದಲ ದಿನ 100 ತೋಟಾ ಹೊಡೆದೆ. 11 ಸಲ ಸಿಕ್ಕಿಕೊಂಡಿತು, ಅಂದರೆ ಜಾಮ್ ಆಗಿ ನಿಂತಿತು. ಮನೆಗೆ ಬರುವಷ್ಟರಲ್ಲಿ ಕಂಪನಿಗೆ ಬೈದು ಬರೆಯುವ ಇಮೇಲ್ ತಲೆಯೊಳಗೆ ತಯಾರಾಗಿತ್ತು. ಕಳುಹಿಸದೇ ಇದ್ದದ್ದು ಒಳ್ಳೆಯದಾಯಿತು. 11ರಲ್ಲಿ 8 ನನ್ನದೇ ತಪ್ಪು ಅಂತ ಮುಂದಿನ ವಾರ ಗೊತ್ತಾಯಿತು.

ಮುಂದೆ ಹೋಗುವ ಮೊದಲು ಇಲ್ಲಿರುವ ನಮ್ಮವರಿಗೆ ಒಂದು ಮಾತು. ನೀವು ಎಚ್‌1ಬಿ ವೀಸಾದಲ್ಲಿದ್ದರೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳಲು ಬಿಡುವುದಿಲ್ಲ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ. ಗ್ರೀನ್ ಕಾರ್ಡ್ ಬಂದ ಮೇಲೆಯೇ ನಾನು ಅಂಗಡಿಯಲ್ಲಿ ಬಂದೂಕು ಕೊಳ್ಳುವವರ 4473 ಫಾರಂ ತುಂಬಿದ್ದು. ಊರಿನಲ್ಲಿ ಕೂತು ಓದುತ್ತಿದ್ದರೆ, ಈ 9 ಎಂಎಂ ಭಾರತದಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್, ಅಂದರೆ ನಿಷೇಧಿಸಿದ ನಳಿಗೆ ಅಳತೆ. ಅಲ್ಲಿ ಸಿಗುವುದು .32ರ ಪಿಸ್ತೂಲು. ಆದರೆ ಯಂತ್ರದ ರೋಗ, ಮದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಈಗ ವಿಷಯ. ಪಿಸ್ತೂಲು ಸಿಕ್ಕಿಕೊಂಡಾಗ ಮಾಡುವ ಮೊದಲ ತಪ್ಪು ಏನು ಗೊತ್ತಾ? ಏನಾಯಿತು ಅಂತ ನೋಡಲು ಅದನ್ನು ಮುಖದ ಕಡೆಗೋ ಪಕ್ಕದವನ ಕಡೆಗೋ ತಿರುಗಿಸುವುದು. ನಾನೂ ಮಾಡಿದೆ. ಗುಂಡು ಹೊಡೆದು ಅಭ್ಯಾಸ ಮಾಡುವ ಬೆನ್ ಏವರಿ ರೇಂಜಿನಲ್ಲಿ ನನ್ನ ಹಿಂದೆ ನಿಂತಿದ್ದ ರೇಂಜ್ ಆಫೀಸರ್, ಎಪ್ಪತ್ತು ದಾಟಿದ ಮುದುಕಪ್ಪ, ಮಾತೇ ಆಡದೆ ನನ್ನ ಮಣಿಕಟ್ಟು ಹಿಡಿದು ಮತ್ತೆ ಗುರಿಯ ದಿಕ್ಕಿಗೆ ತಿರುಗಿಸಿಟ್ಟ. ನಾಚಿಕೆಯಾಯಿತು. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರ್‌ನಿಂದ ಹೊರಗೆ ಇರಬೇಕು. ಸಿಕ್ಕಿಕೊಂಡ ಪಿಸ್ತೂಲಿನಲ್ಲಿ ಜೀವ ಇರುವ ತೋಟಾ ಇದ್ದೇ ಇದೆ ಅಂತಲೇ ಲೆಕ್ಕ.

ಎರಡು ಸದ್ದುಗಳನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ಒಂದು, ಟ್ರಿಗರ್ ಎಳೆದಾಗ ಬರೀ 'ಟಿಕ್'. ಆಗ 30 ಸೆಕೆಂಡ್ ಹಾಗೆಯೇ ಗುರಿಗೆ ಹಿಡಿದು ನಿಲ್ಲಿ. ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಇನ್ನೊಂದು, 'ಢಂ' ಅನ್ನುವ ಬದಲು 'ಪುಸ್' ಅಥವಾ 'ಪಟ್' ಅಂದು, ಕೈಗೆ ಒದೆತವೇ ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ಮಧ್ಯದಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು, ಕೈಯೂ ಹೋಗಬಹುದು. ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಭಾಗ) ಎಳೆದು ಮತ್ತೆ ಹೊಡೆಯೋಣ ಅನ್ನುವ ಅಭ್ಯಾಸ ಇಲ್ಲಿ ಕೊಲ್ಲುತ್ತದೆ. ಖಾಲಿ ಮಾಡಿ, ಬಿಚ್ಚಿ, ನಳಿಗೆಯನ್ನು ಕೈಗೆ ತೆಗೆದುಕೊಂಡು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಆಚೆ ಬದಿ ಕಾಣದಿದ್ದರೆ ಆ ದಿನದ ಶೂಟಿಂಗ್ ಮುಗಿಯಿತು. ಅದನ್ನು ರಿಪೇರಿಯವನಿಗೇ ಬಿಡಿ.

ಇಷ್ಟು ಹೇಳಿ ಆಯಿತು, ಇನ್ನು ರೋಗ ಹುಡುಕೋಣ.

ಸೆಮಿ ಆಟೊಮ್ಯಾಟಿಕ್ ಅಂದರೆ ಒಂದೊಂದು ಈಡಿಗೂ ಅದು ತಾನಾಗಿಯೇ ಒಂದು ಸುತ್ತು ಕೆಲಸ ಮಾಡಬೇಕು. ಗುಂಡು ಹಾರಿದ ಒದೆತಕ್ಕೆ ಸ್ಲೈಡ್ ಹಿಂದಕ್ಕೆ ಬರುತ್ತದೆ. ಬರುವಾಗ ಒಂದು ಸಣ್ಣ ಕೊಕ್ಕೆ ಹಾರಿದ ತೋಟಾದ ಖಾಲಿ ಕೇಸನ್ನು ಚೇಂಬರಿನಿಂದ, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಜಾಗದಿಂದ, ಎಳೆದು ತರುತ್ತದೆ. ಆ ಕೊಕ್ಕೆಗೆ ಎಕ್ಸ್‌ಟ್ರಾಕ್ಟರ್ ಅನ್ನುತ್ತಾರೆ. ಕೇಸು ಒಂದು ಗೂಟಕ್ಕೆ ಬಡಿದು ಪಕ್ಕಕ್ಕೆ ಹಾರುತ್ತದೆ. ಆಮೇಲೆ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ದೂಡುತ್ತದೆ, ಹೋಗುವಾಗ ಅದು ತೋಟಾ ತುಂಬುವ ಡಬ್ಬಿಯಾದ ಮ್ಯಾಗಜಿನ್ನಿನ ಮೇಲಿನ ತೋಟಾವನ್ನು ತಳ್ಳಿಕೊಂಡು ಹೋಗಿ ಚೇಂಬರಿಗೆ ಸೇರಿಸುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಅಡಿಕೆ ಸುಲಿಯುವ ಯಂತ್ರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನಿಂದ ಅಡಿಕೆ ಸರಿಯಾಗಿ ಬೀಳಬೇಕು, ಸಿಪ್ಪೆ ಸರಿಯಾಗಿ ಹೊರಗೆ ಹೋಗಬೇಕು. ಎಲ್ಲಿ ನಿಂತಿತು ಅಂತ ಗೊತ್ತಾದರೆ ಯಾಕೆ ನಿಂತಿತು ಅನ್ನುವುದು ಅರ್ಧ ಗೊತ್ತಾದಂತೆ.

ಆದ್ದರಿಂದ ಸಿಕ್ಕಿಕೊಂಡ ಕೂಡಲೇ ದಡಬಡ ಸ್ಲೈಡ್ ಎಳೆಯಬೇಡಿ. ಎರಡು ಸೆಕೆಂಡ್ ನೋಡಿ. ಮಾಮೂಲಿ ತರಬೇತಿಯಲ್ಲಿ ಮ್ಯಾಗಜಿನ್ ತಟ್ಟು, ಸ್ಲೈಡ್ ಎಳೆ ಅಂತ ಹೇಳಿಕೊಡುತ್ತಾರೆ. ಜೀವ ಉಳಿಸಿಕೊಳ್ಳಲು ಅದು ಸರಿ. ರೋಗ ಹುಡುಕುವ ದಿನ ಬೇಡ, ಎಳೆದರೆ ಸಾಕ್ಷಿಯೇ ನೆಲಕ್ಕೆ ಬಿದ್ದು ಹೋಗುತ್ತದೆ.

ನನ್ನ ನೋಟ್‌ಬುಕ್ಕಿನ ಮೊದಲ ಪುಟ ಹೀಗಿದೆ: 7 ಸಲ ಖಾಲಿ ಕೇಸು ಚಿಮಣಿಯ ಹಾಗೆ ನೆಟ್ಟಗೆ ನಿಂತಿತು. 3 ಸಲ ತೋಟಾ ಮೂಗು ಕೆಳಗೆ ಮಾಡಿ ನಿಂತಿತು. 1 ಸಲ ಸ್ಲೈಡ್ ಪೂರ್ತಿ ಮುಚ್ಚಲಿಲ್ಲ. ಇಷ್ಟು ಬರೆದದ್ದಕ್ಕೇ ಕೆಲಸ ಸುಲಭವಾಯಿತು. ಸುಮ್ನೆ 'ಜಾಮ್ ಆಗುತ್ತದೆ' ಅಂತ ಹೇಳಿದರೆ ಡಾಕ್ಟರ ಹತ್ತಿರ 'ಹುಷಾರಿಲ್ಲ' ಅಂದ ಹಾಗೆ.

ಮನೆಗೆ ಬಂದು ಮೊದಲು ಬಿಚ್ಚಿದೆ. ಬಿಚ್ಚುವ ಮುಂಚೆ ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ. ಇದು ಅತಿ ಅನ್ನಿಸಬಹುದು, ಆದರೆ ಹಲವು ಪಿಸ್ತೂಲುಗಳಲ್ಲಿ ಸ್ಲೈಡ್ ತೆಗೆಯಲು ಟ್ರಿಗರ್ ಎಳೆಯಲೇಬೇಕು. ಮ್ಯಾಗಜಿನ್ ತೆಗೆಯಿರಿ, ಸ್ಲೈಡ್ ಹಿಂದಕ್ಕೆ ಎಳೆದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಚೇಂಬರ್ ಮುಟ್ಟಿ. ಈ ಕ್ರಮ ತಪ್ಪಬೇಡಿ. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ ಒಂದು ತೋಟಾ ಒಳಗೇ ಕೂತಿರುತ್ತದೆ.

ಒಳಗೆ ನೋಡಿದರೆ ಅಂಟಂಟು ಗ್ರೀಸು. ಅದು ಗೋದಾಮಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ಹಚ್ಚಿ ಕಳುಹಿಸಿದ್ದು. ಕೆಲವು ಕಂಪನಿಗಳು ಕೆಲವು ಜಾಗಕ್ಕೆ ಬೇಕೆಂದೇ ಗ್ರೀಸು ಹಾಕಿರುತ್ತವೆ, ಅದನ್ನು ಒರೆಸಬೇಡಿ ಅಂತ ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ, ಓದಿ. ನನ್ನದರಲ್ಲಿ ಹಾಗೇನೂ ಇರಲಿಲ್ಲ. ಒರೆಸಿ, ಹಳೆ ಟೂತ್ ಬ್ರಷ್‌ನಿಂದ ಉಜ್ಜಿ, ನಳಿಗೆಗೆ ಬ್ರಷ್ ಮತ್ತು ಬಟ್ಟೆ ತುಂಡು ಹಾಕಿ ಎಳೆದೆ. ಆಮೇಲೆ ಎಣ್ಣೆ. ಸ್ಲೈಡ್ ಜಾರುವ ನಾಲ್ಕು ಹಳಿಗಳಿಗೆ ಒಂದೊಂದು ಹನಿ. ನಳಿಗೆಯ ಹೊರಮೈಗೆ, ಮೂತಿಯ ಹತ್ತಿರ ಒಂದು ಹನಿ ಹಾಕಿ ಬೆರಳಲ್ಲಿ ಸವರಿದೆ. ನಳಿಗೆಯ ಹಿಂಬದಿ ಸ್ಲೈಡಿಗೆ ಉಜ್ಜುವ ಕಡೆ ಒಂದು ಹನಿ. ದೋಸೆ ಕಾವಲಿಗೆ ಸವರುವಷ್ಟು, ಪೂರಿ ಕರಿಯುವಷ್ಟಲ್ಲ. ಮ್ಯಾಗಜಿನ್ನಿನೊಳಗೆ ಎಣ್ಣೆ ಬೇಡವೇ ಬೇಡ. ತೋಟಾದ ತಳಕ್ಕೆ ಬಡಿಯುವ ಪಿನ್ ಓಡಾಡುವ ತೂತಿಗೂ ಬೇಡ. ಎಣ್ಣೆಗೆ ದೂಳು ಸೇರಿ ಅಲ್ಲಿ ಹೂರಣದ ಹಾಗೆ ಗಟ್ಟಿಯಾದರೆ ಪಿನ್ ನಿಧಾನವಾಗಿ ಬಡಿಯುತ್ತದೆ. ಈ ಅರಿಜೋನಾದಲ್ಲಿ ದೂಳಿಗೇನು ಬರವಿಲ್ಲ.

ಆಮೇಲೆ ಮ್ಯಾಗಜಿನ್. ನನಗೆ ಎರಡು ಬಂದಿದ್ದವು. ಬೆಳ್ಳಿ ಬಣ್ಣದ ಪೆನ್ನಿನಲ್ಲಿ ತಳಕ್ಕೆ 1, 2 ಅಂತ ಬರೆದೆ. ಈ ಎರಡು ಅಂಕಿ ನನಗೆ ಉಳಿಸಿದ ದುಡ್ಡು, ಸಿಟ್ಟು ಸ್ವಲ್ಪವಲ್ಲ. ಗುರುತು ಹಾಕದಿದ್ದರೆ ಒಂದು ಮ್ಯಾಗಜಿನ್ನಿನ ತಪ್ಪನ್ನು ಇಡೀ ಪಿಸ್ತೂಲಿನ ಮೇಲೆ ಹೊರಿಸುತ್ತೀರಿ.

ಮುಂದಿನ ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳು ನನಗಿಂತ ಮೊದಲೇ ಇಲ್ಲಿ ತರಬೇತಿ ತೆಗೆದುಕೊಂಡವಳು. ಅದೇ ಪಿಸ್ತೂಲು, ಅದೇ ತೋಟಾ. 50 ಹೊಡೆದಳು, ಸಿಕ್ಕಿಕೊಂಡದ್ದು ಒಂದೇ ಸಲ. ನಾನು ತೆಗೆದುಕೊಂಡು ಹತ್ತು ಹೊಡೆಯುವುದರೊಳಗೆ ಮತ್ತೆ ಚಿಮಣಿ.

"ರೀ, ಅದು ಪಿಸ್ತೂಲಲ್ಲ. ನಿಮ್ಮ ಕೈ," ಅಂದಳು.

ಅವಳು ಹೇಳಿದ್ದು ಸರಿ ಇತ್ತು. ಸ್ಲೈಡ್ ಹಿಂದಕ್ಕೆ ಪೂರ್ತಿ ಬರಬೇಕಾದರೆ ಕೆಳಗಿನ ಚೌಕಟ್ಟು ಗಟ್ಟಿಯಾಗಿ ನಿಂತಿರಬೇಕು. ಮೇಜಿನ ಡ್ರಾಯರ್ ಎಳೆಯುವಾಗ ಮೇಜೇ ಜೊತೆಗೆ ಸರಿದು ಬಂದರೆ ಡ್ರಾಯರ್ ತೆರೆಯುತ್ತದಾ? ಮಣಿಕಟ್ಟು ಸಡಿಲ ಇದ್ದರೆ ಇಲ್ಲಿ ಆಗುವುದೂ ಅದೇ. ಸ್ಲೈಡ್ ಅರ್ಧಕ್ಕೆ ಬಂದು ವಾಪಸ್ ಹೋಗುತ್ತದೆ, ಹೊರಗೆ ಹಾರಬೇಕಾದ ಕೇಸು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ಹಗುರ ಪಿಸ್ತೂಲಿನಲ್ಲಿ ಇದು ಇನ್ನೂ ಜಾಸ್ತಿ. ಅಜ್ಜನ ಕೋವಿ ಭುಜಕ್ಕೆ ಆನಿಸಿಕೊಂಡು ಕಲಿತ ನನಗೆ ಮಣಿಕಟ್ಟಿನ ಮಹಿಮೆ ಗೊತ್ತಿರಲಿಲ್ಲ. ಹಿಡಿಯನ್ನು ಆದಷ್ಟು ಮೇಲೆ ಹಿಡಿಯಿರಿ, ಎಡಗೈಯಿಂದ ಪಕ್ಕದಲ್ಲಿ ಒತ್ತಿ, ಮಣಿಕಟ್ಟು ಬೀಗ ಹಾಕಿದ ಹಾಗೆ ಇರಲಿ. ಹೆಬ್ಬೆರಳು ಸ್ಲೈಡಿಗೆ ತಾಗುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಅಷ್ಟು ಉಜ್ಜಿದರೂ ಸ್ಲೈಡಿನ ಓಟ ಕುಂದುತ್ತದೆ.

ಇನ್ನೊಬ್ಬರ ಕೈಗೆ ಕೊಟ್ಟು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ದುಡ್ಡೂ ಇಲ್ಲ, ಸ್ಕ್ರೂಡ್ರೈವರೂ ಬೇಡ. ಅಭಿಮಾನ ಮಾತ್ರ ಸ್ವಲ್ಪ ಬದಿಗಿಡಬೇಕು.

ಆಮೇಲೆ ತೋಟಾ ಬದಲಿಸಿದೆ. ಮೊದಲ ದಿನ ತಂದಿದ್ದು ಅಂಗಡಿಯ ಅತಿ ಅಗ್ಗದ 115 ಗ್ರೇನಿನದು. ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ, 115 ಗ್ರೇನ್ ಅಂದರೆ ಸುಮಾರು ಏಳೂವರೆ ಗ್ರಾಂ. ಹೊಸ ಪಿಸ್ತೂಲಿನ ಸ್ಪ್ರಿಂಗು ಬಿಗಿ ಇರುತ್ತದೆ, ಚಿಕ್ಕ ಪಿಸ್ತೂಲಿನಲ್ಲಂತೂ ಇನ್ನೂ ಬಿಗಿ. ಮೆತ್ತಗಿನ ತೋಟಾಕ್ಕೆ ಅದನ್ನು ದೂಡುವ ಶಕ್ತಿ ಸಾಲುವುದಿಲ್ಲ. 124 ಗ್ರೇನಿನ, ಹಿತ್ತಾಳೆ ಕೇಸಿನ, ದುಂಡು ಮೂತಿಯ ಒಳ್ಳೆಯ ಕಂಪನಿಯ ತೋಟಾ ಒಂದು ಬಾಕ್ಸ್ ತಂದೆ. ಹೊಸ ಪಿಸ್ತೂಲು ಪಳಗುವವರೆಗೆ ದುಂಡು ಮೂತಿಯದನ್ನೇ ಹಾಕಿ. ಮೂತಿ ಟೊಳ್ಳಿರುವ ತೋಟಾ ಕೆಲವದರಲ್ಲಿ ಚೇಂಬರಿಗೆ ಹತ್ತುವ ಇಳಿಜಾರಿಗೆ ಬಡಿದು ನಿಲ್ಲುತ್ತದೆ. ಯಾರೋ ಮನೆಯಲ್ಲಿ ತುಂಬಿ ಕೊಟ್ಟ ತೋಟಾ ಪರೀಕ್ಷೆಗೆ ಬೇಡ, ಎಷ್ಟೇ ಸ್ನೇಹಿತನಾದರೂ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಎಣ್ಣೆ ಹಾಕಿ ನೋಡಿದೆ, ಹಿಡಿತ ಬದಲಿಸಿ ನೋಡಿದೆ, ಆಮೇಲೆ ತೋಟಾ. ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ಪಿಸ್ತೂಲು ಸರಿಹೋಗುತ್ತಿತ್ತು, ಯಾಕೆ ಅಂತ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಅವತ್ತು ಗಟ್ಟಿ ಹಿಡಿದು, 124 ಗ್ರೇನ್ ಹಾಕಿ 50 ಹೊಡೆದಾಗ ಚಿಮಣಿ ಒಂದೂ ಇಲ್ಲ. ಸಿಕ್ಕಿಕೊಂಡದ್ದು 2 ಸಲ, ಎರಡೂ ಸಲ ತೋಟಾದ ಮೂಗು ಕೆಳಗೆ. ಎರಡೂ 2ನೇ ನಂಬರಿನ ಮ್ಯಾಗಜಿನ್. ಹೆಂಡತಿಗೆ ಸಿಕ್ಕಿಕೊಂಡ ಆ ಒಂದು ಸಲವೂ ಅದೇ.

ಮೂಗು ಕೆಳಗೆ ಮಾಡಿ ನಿಂತರೆ ಅನುಮಾನ ಮೊದಲು ಮ್ಯಾಗಜಿನ್ ಮೇಲೆ. ಸರಿಯಾಗಿ 'ಟಕ್' ಅಂತ ಕೂತಿದೆಯಾ ನೋಡಿ. ಹೊಸ ಮ್ಯಾಗಜಿನ್ ಪೂರ್ತಿ ತುಂಬಿದರೆ ಸ್ಪ್ರಿಂಗು ಕಲ್ಲಿನ ಹಾಗೆ ಇರುತ್ತದೆ, ಒಂದು ತೋಟಾ ಕಡಿಮೆ ಹಾಕಿ ನೋಡಿ. ತುಂಬಿದ ಮೇಲೆ ಬೆನ್ನನ್ನು ಅಂಗೈಗೆ ನಾಲ್ಕು ಸಲ ತಟ್ಟಿದರೆ ತೋಟಾಗಳು ಹಿಂದಕ್ಕೆ ಸರಿದು ಸಾಲಾಗಿ ಕೂರುತ್ತವೆ. ತುಟಿಗಳು, ಅಂದರೆ ಮೇಲೆ ತೋಟಾ ಹಿಡಿದುಕೊಳ್ಳುವ ಎರಡು ಅಂಚುಗಳು, ಸೊಟ್ಟಗಾಗಿವೆಯಾ ಅಂತ ಒಳ್ಳೆಯ ಮ್ಯಾಗಜಿನ್ ಪಕ್ಕ ಇಟ್ಟು ನೋಡಿ. ನನ್ನ 2ನೇ ನಂಬರಿನ ಬಲತುಟಿ ಉಗುರಿನಷ್ಟು ಒಳಕ್ಕೆ ಬಾಗಿತ್ತು. ಇಕ್ಕಳ ಹಿಡಿದು ಸರಿ ಮಾಡಲು ಕೈ ತುರಿಸಿತು. ಮಾಡಲಿಲ್ಲ. ಕಂಪನಿಗೆ ಫೋಟೊ ಕಳುಹಿಸಿದೆ, ಬೇರೆ ಮ್ಯಾಗಜಿನ್ ಕಳುಹಿಸಿದರು.

ಸ್ಲೈಡ್ ಪೂರ್ತಿ ಮುಚ್ಚದಿರುವುದೂ ಹೊಸದರಲ್ಲಿ ಸಾಮಾನ್ಯ. ಎರಡು ಮಿಲಿಮೀಟರ್ ಹಿಂದೆ ನಿಲ್ಲುತ್ತದೆ, ಟ್ರಿಗರ್ ಎಳೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನನಗೆ ಆದದ್ದು ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಟ್ಟದ್ದರಿಂದ. ಮಗು ಮಲಗಿರುವ ಕೋಣೆಯ ಬಾಗಿಲು ಮುಚ್ಚಿದ ಹಾಗೆ ಮುಚ್ಚಿದ್ದೆ. ಹಾಗಲ್ಲ, ಪೂರ್ತಿ ಎಳೆದು ಬಿಟ್ಟುಬಿಡಿ, ಸ್ಪ್ರಿಂಗು ತನ್ನ ಕೆಲಸ ಮಾಡಲಿ. ಆದರೂ ನಿಲ್ಲುತ್ತಿದ್ದರೆ ತೋಟಾ ದಪ್ಪವೋ ಚೇಂಬರ್ ಕೊಳಕೋ ನೋಡಬೇಕು. ಹಿಂದಿನಿಂದ ಗುದ್ದಿ ಮುಚ್ಚಲು ಹೋಗಬೇಡಿ, ಒಳಗೆ ಸೇರದ ತೋಟಾವನ್ನು ಬಲವಂತವಾಗಿ ತುರುಕಿದರೆ ಅದು ಹೊರಗೆ ಬರುವುದೂ ಇಲ್ಲ.

'ಟಿಕ್' ಅಂದು ಹಾರದ ತೋಟಾವನ್ನು ಎಸೆಯುವ ಮೊದಲು ಅದರ ತಳ ನೋಡಿ. ನಮ್ಮ ಕಡೆ ಕೇಪು ಅನ್ನುವ ಪ್ರೈಮರ್ ಮೇಲೆ ಪಿನ್ ಬಡಿದ ಗುಳಿ ಇರುತ್ತದೆ. ಹಾರಿದ ಕೇಸಿನ ಗುಳಿಯಷ್ಟೇ ಆಳ ಇದ್ದರೆ ತೋಟಾ ಕೆಟ್ಟದ್ದು. ಬರೀ ಮುಟ್ಟಿದ ಹಾಗಿದ್ದರೆ ಪಿನ್ನಿನ ತೂತಿನಲ್ಲಿ ಗ್ರೀಸು ತುಂಬಿದೆ, ಇಲ್ಲವೇ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ. ಗುಳಿಯೇ ಇಲ್ಲದಿದ್ದರೆ ಪಿನ್ ಮುರಿದಿರಬಹುದು, ಅದು ಕಂಪನಿಯ ಕೆಲಸ. ಹಾರದ ತೋಟಾವನ್ನು ಕಸದ ಬುಟ್ಟಿಗೆ ಹಾಕಬೇಡಿ. ರೇಂಜಿನಲ್ಲಿ ಅದಕ್ಕೇ ಅಂತ ಡಬ್ಬ ಇರುತ್ತದೆ, ಇಲ್ಲದಿದ್ದರೆ ಆಫೀಸರನ್ನು ಕೇಳಿ.

ಖಾಲಿ ಕೇಸು ಚೇಂಬರಿನಲ್ಲೇ ಉಳಿದು, ಅದರ ಹಿಂದೆ ಹೊಸ ತೋಟಾ ಬಂದು ಗುದ್ದಿ ನಿಂತಿತಾ? ಇದು ಸ್ವಲ್ಪ ತಲೆನೋವಿನದು. ಬರೀ ಸ್ಲೈಡ್ ಎಳೆದರೆ ಬಿಡಿಸಿಕೊಳ್ಳುವುದಿಲ್ಲ. ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ, ಮ್ಯಾಗಜಿನ್ ಕಿತ್ತು ತೆಗೆಯಿರಿ, ಸ್ಲೈಡನ್ನು ಮೂರು ಸಲ ಎಳೆದು ಬಿಡಿ. ಒಂದೆರಡು ಸಲ ಆದರೆ ಕೊಕ್ಕೆಯ ಕೆಳಗೆ ಕೊಳೆ ಇದೆಯಾ ಅಂತ ಹಲ್ಲುಕಡ್ಡಿಯಲ್ಲಿ ಕೆದಕಿ ನೋಡಿ, ಚೇಂಬರ್ ಉಜ್ಜಿ. ಎಲ್ಲ ಮ್ಯಾಗಜಿನ್, ಎಲ್ಲ ತೋಟಾ, ಎಲ್ಲರ ಕೈಯಲ್ಲೂ ಇದೇ ಆಗುತ್ತಿದ್ದರೆ ಆಗ ಪಿಸ್ತೂಲನ್ನು ಬೈಯಬಹುದು. ಕೊಕ್ಕೆಯದೋ ಚೇಂಬರಿನದೋ ದೋಷ.

ಕೊನೆಯ ತೋಟಾ ಆದ ಮೇಲೆ ಸ್ಲೈಡ್ ಹಿಂದೆ ನಿಲ್ಲುತ್ತಿಲ್ಲ ಅಂತ ತುಂಬಾ ಜನ ದೂರುತ್ತಾರೆ. ಹತ್ತರಲ್ಲಿ ಎಂಟು ಜನರ ಹೆಬ್ಬೆರಳು ಆ ಸ್ಲೈಡ್ ನಿಲ್ಲಿಸುವ ಗುಂಡಿಯ ಮೇಲೇ ಇರುತ್ತದೆ ಅನ್ನುವುದು ನಾನು ರೇಂಜಿನಲ್ಲಿ ಕಂಡದ್ದು. ಸ್ನೇಹಿತನೊಬ್ಬ ಇದಕ್ಕಾಗಿ ಪಿಸ್ತೂಲು ಮಾರಲು ಹೊರಟಿದ್ದ. "ಬೆರಳು ತೆಗಿ ಮಾರಾಯ," ಅಂದೆ. ಸರಿಹೋಯಿತು.

ಹೊಸದನ್ನು ಪಳಗಿಸಲು 200 ತೋಟಾ ಹೊಡೆಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಹಳಿಗಳು ನುಣುಪಾಗುತ್ತವೆ, ಸ್ಪ್ರಿಂಗಿನ ಬಿಗಿ ಸ್ವಲ್ಪ ಇಳಿಯುತ್ತದೆ. ಆದರೆ ಬಾಗಿದ ತುಟಿ 200 ಅಲ್ಲ, 2000 ಹೊಡೆದರೂ ನೆಟ್ಟಗಾಗುವುದಿಲ್ಲ. ಸಿಕ್ಕಿಕೊಳ್ಳುವುದು ಬಾಕ್ಸಿನಿಂದ ಬಾಕ್ಸಿಗೆ ಕಡಿಮೆಯಾಗುತ್ತಿದ್ದರೆ ಕಾಯಿರಿ. ಹಾಗೆಯೇ ಇದ್ದರೆ, ಅಥವಾ ಜಾಸ್ತಿಯಾಗುತ್ತಿದ್ದರೆ ಕಾದು ತೋಟಾ ಸುಡಬೇಡಿ. ಇಳಿಜಾರು ಉಜ್ಜಿ ಹೊಳಪು ಕೊಡುವ, ಸ್ಪ್ರಿಂಗು ಕತ್ತರಿಸುವ ವಿಡಿಯೋಗಳೂ ಬೇಡ. ಉಜ್ಜಿದ್ದು ವಾಪಸ್ ಬರುವುದಿಲ್ಲ, ವಾರಂಟಿಯೂ ಹೋಗುತ್ತದೆ.

ಕಂಪನಿಗೆ ಕಳುಹಿಸುವುದಾದರೆ ಮೊದಲು ಫೋನ್ ಮಾಡಿ. ವಾರಂಟಿಯಲ್ಲಿದ್ದರೆ ಸಾಮಾನ್ಯವಾಗಿ ಅವರೇ ಕೊರಿಯರ್ ಲೇಬಲ್ ಕಳುಹಿಸುತ್ತಾರೆ, ನೀವಾಗಿ ಪೋಸ್ಟ್ ಆಫೀಸಿಗೆ ತೆಗೆದುಕೊಂಡು ಹೋಗಬೇಡಿ. ಪೆಟ್ಟಿಗೆಯಲ್ಲಿ ತೋಟಾ ಒಂದೂ ಇರಬಾರದು. ಮ್ಯಾಗಜಿನ್ ಕಳುಹಿಸಬೇಕಾ ಅಂತ ಕೇಳಿ. ಜೊತೆಗೆ ನೋಟ್‌ಬುಕ್ಕಿನ ಪುಟದ ನಕಲು ಇಡಿ: ಯಾವ ತೋಟಾ, ಎಷ್ಟು ಹೊಡೆದಿರಿ, ಯಾವ ಮ್ಯಾಗಜಿನ್, ಎಷ್ಟನೇ ತೋಟಾಕ್ಕೆ ಏನಾಯಿತು, ಬೇರೆಯವರು ಹೊಡೆದಾಗ ಏನಾಯಿತು. ಸಿಕ್ಕಿಕೊಂಡಾಗ ತೆಗೆದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಫೋಟೊ ತೆಗೆಯುವಾಗಲೂ ನಳಿಗೆ ಗುರಿಯ ಕಡೆಗೇ, ಫೋನ್ ಹಿಡಿಯುವುದು ಪಕ್ಕದವರ ಕೆಲಸ.

ನನ್ನ ಪಿಸ್ತೂಲು ಈಗ 900 ದಾಟಿದೆ. ಒಳ್ಳೆಯ ಮ್ಯಾಗಜಿನ್ ಹಾಕಿ ಹೊಡೆದ ಕೊನೆಯ 600ರಲ್ಲಿ ಸಿಕ್ಕಿಕೊಂಡದ್ದು ಒಂದು ಸಲ, ಅದೂ ಕೆಟ್ಟ ಪ್ರೈಮರ್. 2ನೇ ನಂಬರಿನ ಮ್ಯಾಗಜಿನ್ ಎಸೆದಿಲ್ಲ. ಕೆಂಪು ಟೇಪು ಸುತ್ತಿ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಹೆಂಡತಿ ಅದಕ್ಕೆ ನನಗೆ ಗೊತ್ತಾಗದ ಹಾಗೆ ಮದ್ದಿಲ್ಲದ ಎರಡು ಡಮ್ಮಿ ತೋಟಾ ಬೆರೆಸಿ ಕೊಡುತ್ತಾಳೆ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಿಲ್ಲದೆ ಬಿಡಿಸುವ ಅಭ್ಯಾಸಕ್ಕೆ ಅಷ್ಟು ಒಳ್ಳೆಯ ಮ್ಯಾಗಜಿನ್ ಬೇರೆ ಸಿಕ್ಕಿಲ್ಲ.